ಅನಗವಾಡಿಗೆ ಬಂದ ಗಾಲಿಮನೆ

ಜೀಪಿನ ಹಿಂದೆ ಗಾಲಿಮನೆ ಕಟ್ಟಿಕೊಂಡು ದಶರಥ ಅನಗವಾಡಿಯ ಅಗಸಿ ಬಾಗಿಲು ದಾಟುವಷ್ಟರಲ್ಲಿ ಊರ ಗಂಡಸರೆಲ್ಲ ಜೋಳದ ಹೊಲ ಸೇರಿಬಿಟ್ಟಿದ್ದರು. ಕಟ್ಟೆಯ ಮೇಲೆ ಅರ್ಧಕ್ಕೆ ಬಿಟ್ಟ ಇಸ್ಪೀಟಿನ ಎಲೆಗಳು ಗಾಳಿಗೆ ಹೊರಳುತ್ತಿದ್ದವು.

ದಶರಥನಿಗೆ ಪಿಚ್ಚೆನಿಸಿತು. ರಬಕವಿಯ ಸೀರೆ ವ್ಯಾಪಾರಿ ಅವನು. ಯಾವನೋ ಸಾಹೇಬ ಹಿಂದೊಮ್ಮೆ ಬಿಟ್ಟುಹೋಗಿದ್ದ ಆ ತಗಡಿನ ಗಾಡಿಯನ್ನು ಜಮಖಂಡಿಯ ಗುಜರಿಯಿಂದ ತಂದು, ಅಂಗಡಿಯನ್ನೂ ಮರೆತು ಅದರ ಬೆನ್ನುಹತ್ತಿದ್ದ. ತುಕ್ಕು ಕೆರೆದ, ಸಾಗವಾನಿ ಮಂಚ ಕೂಡಿಸಿದ, ಕಿಟಕಿಗೆ ಸೀರೆಯ ಪರದೆ ಹಾಕಿದ. ಹೊರಗೆ ಹಾಲಿನಂಥ ಬಿಳಿ ಬಣ್ಣ, ನಡುವೆ ಅಂದಕ್ಕೆಂದು ಒಂದು ಕೆಂಪು ಪಟ್ಟಿ. ಹೊಳೆದಂಡೆಯಲ್ಲಿ ನಿಲ್ಲಿಸಿದರೆ ಊರಿಗೆ ಊರೇ ನೆರೆಯುತ್ತದೆಂದು ಹೆಂಡತಿ ಬನಶಂಕರಿಯೆದುರು ಕೊಚ್ಚಿಕೊಂಡಿದ್ದ.

"ಮಂದಿ ಎಲ್ಲೈತ್ರೀ?" ಬನಶಂಕರಿ ಪರದೆ ಸರಿಸಿ ಕೇಳಿದಳು.

"ನಾಚಿಕೊಂಡಾರ. ಇಂಥಾದ್ದ ಯಾವಾಗ ನೋಡ್ಯಾರ, ಪಾಪ!"

"ನಾಚಿಕಿ ಅಲ್ರಿ, ಅಂಜಿಕಿ. ಬಿಳಿ ಗಾಡಿ, ಕೆಂಪು ಪಟ್ಟಿ, ಮುಂದ ಜೀಪು! ಆಪರೇಶನ್ ಗಾಡಿ ಅಂತ ತಿಳಿದಾರ."

ಅದು ತುರ್ತು ಪರಿಸ್ಥಿತಿಯ ಕಾಲ. ಗಂಡಸರನ್ನು ಹಿಡಿದೊಯ್ದು, ಮಕ್ಕಳಾಗದ ಹಾಗೆ ಆಪರೇಶನ್ ಮಾಡುತ್ತಾರೆಂಬ ಸುದ್ದಿ ಊರೂರು ತಿರುಗುತ್ತಿತ್ತು. ದಶರಥ ಮೆಟ್ಟಿಲ ಮೇಲೆ ನಿಂತು ಹೊಲದ ಕಡೆ ಕೂಗಿದ: "ಅಂಜಬ್ಯಾಡ್ರೋ! ಒಳಗ ಮಂಚ ಐತಿ! ಬಂದು ಮಲಗಿ ನೋಡ್ರಿ, ಎಷ್ಟು ಹಗರ ಅನಸತೈತಿ!"

ಜೋಳದ ದಂಟುಗಳು ಇನ್ನಷ್ಟು ದೂರದವರೆಗೆ ಅಲುಗಾಡಿದವು.

"ಸಾಕ್ರಿ, ಬಾಯಿ ಮುಚ್ಚರಿ," ಎಂದು ಬನಶಂಕರಿ ನಗು ತಡೆಯಲಾಗದೆ ಸ್ಟೋವ್ ಹಚ್ಚಿದಳು.

ಚಹಾ ಕುದಿಯುವ ಹೊತ್ತಿಗೆ ಹೊಲದಿಂದ ಒಬ್ಬನೇ ಒಬ್ಬ ಬಂದ. ಹಲ್ಲಿಲ್ಲದ ಮುದುಕ ಮುರಗೆಪ್ಪ. ಬಂದವನೇ ಕೈಮುಗಿದ.

"ಸಾಹೇಬ್ರ, ನನ್ನ ಮೊಮ್ಮಗಂದು ಮೊನ್ನೆ ಲಗ್ನ ಆಗೇತಿ. ಅವನ ಬದಲಿ ನನಗ ಆಪರೇಶನ್ ಮಾಡ್ರಿ."

"ಯಜ್ಜಾ, ನಾ ಸೀರಿ ಅಂಗಡಿಯಾಂವ. ಇದು ನನ್ನ ಶೋಕಿ, ಅಷ್ಟ."

"ಇದ್ದ ಮನಿ ಬಿಟ್ಟು ಗಾಲಿ ಮ್ಯಾಲ ಮಲಗೂದು ಯಾವ ಶೋಕಿರೀ?" ಎಂದ ಮುದುಕ, ಮರುಮಾತಿಗೆ ನಿಲ್ಲದೆ ಮೆಟ್ಟಿಲು ಹತ್ತಿದ. ದಶರಥನಿಗೆ ತನ್ನ ಸತ್ಯವೇ ಹಸಿ ಸುಳ್ಳಿನಂತೆ ಕೇಳಿಸಿತು.

ಬನಶಂಕರಿ ಮುದುಕನ ಕೈಗೆ ಚಹಾದ ಬಸಿ ಕೊಟ್ಟಳು.

"ಇದರಾಗ ಮತ್ತು ಬರೂ ಔಷಧ ಹಾಕೀಯೋ ಇಲ್ಲೋ, ತಂಗೀ?" ಎಂದು ಕೇಳಿದ ಮುರಗೆಪ್ಪ, ಉತ್ತರಕ್ಕೆ ಕಾಯದೆ ಒಂದೇ ಉಸಿರಿಗೆ ಕುಡಿದ. ಆಮೇಲೆ ಮಂಚದ ಮೇಲೆ ಅಂಗಾತ ಮಲಗಿ, ಧೋತರದ ಗಂಟನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದ.