ರ‍್ಯಾಂಪಿನ ನಡುವೆ

ತಾಲ್ಲೂಕು ಕಚೇರಿಯ ರ‍್ಯಾಂಪು ಅದು. ಉದ್ಘಾಟನೆ ಹತ್ತಿರ ಬಂದಾಗ ನೆನಪಾಗಿ, ಮೆಟ್ಟಿಲ ಪಕ್ಕ ಉಳಿದಿದ್ದ ಚೂರು ಜಾಗದಲ್ಲಿ ಸುರಿಸಿದ ಕಾಂಕ್ರೀಟು. ಅದರ ಬುಡದಲ್ಲೇ ಆಕೆ ಎಂಜಿನಿಯರನ್ನು ತಡೆದು ನಿಲ್ಲಿಸಿದಳು. ಅವಳ ಮುಂದೆ ಖಾಲಿ ವೀಲ್‌ಚೇರ್ ಇತ್ತು.

"ಇದನ್ನ ಕಟ್ಟಿಸಿದ್ದು ನೀವೇನಾ ಸಾರ್?"

"ಹೌದು. ಏನೀಗ?"

"ತುಂಬ ಕಡಿದಾಗಿದೆ. ಹಿಡ್ಕೊಳ್ಳೋಕೆ ಒಂದು ಕಂಬಿಯೂ ಇಲ್ಲ."

"ನೋಡಮ್ಮ, ತಳ್ಳೋರ ರಟ್ಟೆಯಲ್ಲಿ ಶಕ್ತಿ ಇರಬೇಕು. ಅದಿಲ್ಲದೋರು ಬಂದು ಕಟ್ಟಡದ ಮೇಲೆ ತಪ್ಪು ಹೊರಿಸ್ತೀರಿ."

"ಹಾಗಾದ್ರೆ ಕೂತ್ಕೊಳ್ಳಿ. ನಾನೇ ತಳ್ತೀನಿ."

ಪಹಣಿಗೆ ಸಾಲಿನಲ್ಲಿ ನಿಂತಿದ್ದವರೆಲ್ಲ ಇತ್ತ ತಿರುಗಿದರು. ಅಷ್ಟು ಜನರೆದುರು ಹಿಂಜರಿಯಲಾಗದೆ ಆತ ಧಡಕ್ಕನೆ ಕೂತ. ಆಕೆ ಸೆರಗು ಸಿಕ್ಕಿಸಿಕೊಂಡು ತಳ್ಳಿದಳು. ಅರ್ಧ ಏರುವಷ್ಟರಲ್ಲಿ ಅವಳ ಬಿಸಿಯುಸಿರು ಅವನ ಕತ್ತಿಗೆ ಬಡಿಯತೊಡಗಿತು.

"ನೋಡಿದ್ಯಾ? ಆರಾಮಾಗಿ ಏರ್ತಾ ಇದೆ," ಅಂದ ಆತ, ಸಾಲಿನವರಿಗೂ ಕೇಳುವಂತೆ.

ಆಕೆ ನಿಂತುಬಿಟ್ಟಳು. ಕುರ್ಚಿ ಒಂದು ಗೇಣು ಹಿಂದಕ್ಕೆ ಜಾರಿತು. ಅವನ ಎರಡೂ ಕೈ ಕುರ್ಚಿಯ ತೋಳನ್ನು ಕಚ್ಚಿ ಹಿಡಿದವು.

"ಯಾಕೆ ನಿಂತೆ? ತಳ್ಳು."

"ಇಲ್ಲಿಂದ ಮುಂದಕ್ಕೆ ನನ್ನ ಕೈಲಾಗಲ್ಲ ಸಾರ್. ನನಗೆ ಗೊತ್ತಿದೆ."

"ಗೊತ್ತಿದ್ದೂ ನನ್ನ ಯಾಕೆ ಕೂರಿಸ್ದೆ?"

ಕುರ್ಚಿ ಇನ್ನೊಂದಿಷ್ಟು ಜಾರಿತು.

"ಅಮ್ಮಾ, ಬಿಡಬೇಡ," ಅಂದ ಆತ. ಈಗ ಅವನ ದನಿ ಅವಳೊಬ್ಬಳಿಗೇ ಕೇಳುವಷ್ಟಿತ್ತು. "ದಯವಿಟ್ಟು ಬಿಡಬೇಡ."

"ಇದೇ ಕುರ್ಚಿಯಲ್ಲಿ ಕೂತು, ಇದೇ ಜಾಗದಲ್ಲಿ, ನನ್ನ ಗಂಡ ಕೊನೆಯದಾಗಿ ಆಡಿದ್ದೂ ಇದೇ ಮಾತು."