ಹಳ್ಳದ ತಿರುವು

ಹವಾಮಾನ ಕಚೇರಿಯಿಂದ ಪ್ರವಾಹದ ಎಚ್ಚರಿಕೆ ಹೊರಡಿಸಿದ ಎಲೋಯ್ಸಾ ಕೂಡಲೇ ತಮ್ಮನಿಗೆ ಫೋನ್ ಮಾಡಿದಳು.

"ರಮೀರೊ, ಎಲ್ಲರನ್ನೂ ಹಳ್ಳದಿಂದ ಮೇಲಕ್ಕೆ ಹತ್ತಿಸು. ಈಗಲೇ."

"ಏನಕ್ಕಾ ತಮಾಷೆ? ಆಕಾಶ ತೊಳೆದಿಟ್ಟ ಹಾಗಿದೆ. ಬೆಳಿಗ್ಗೆ ನೀನೇ ತಾನೆ ಮಳೆ ಇಲ್ಲ ಅಂದಿದ್ದು?"

"ನಿಮ್ಮಲ್ಲಿ ಈಗಲೂ ಇಲ್ಲ. ಬೆಟ್ಟದ ಮೇಲೆ ಸುರೀತಿದೆ."

ಮರುಭೂಮಿಯ ನಡುವಿನ ಟೂಸಾನ್ ಊರಾಚೆಯ ಆ ಹಳ್ಳದಲ್ಲಿ ವರ್ಷದ ಬಹುಪಾಲು ಬರೀ ಮರಳು. ಹೆಣ್ಣುಮಕ್ಕಳ ಹದಿನೈದನೇ ಹುಟ್ಟುಹಬ್ಬ ಅವರಲ್ಲಿ ಮದುವೆಯಷ್ಟೇ ದೊಡ್ಡ ಸಮಾರಂಭ. ಮಗಳು ಇಟ್ಸೆಲ್‌ಳ ಆ ಹಬ್ಬಕ್ಕೆ ರಮೀರೊ ಅಲ್ಲೇ ಚಪ್ಪರ ಹಾಕಿಸಿ ಬಂಧುಬಳಗವನ್ನೆಲ್ಲ ಕರೆದಿದ್ದ. ಆದರೆ ಹವಾಮಾನ ಕಚೇರಿಯ ರೇಡಾರ್ ಪರದೆಯಲ್ಲಿ, ಮಧ್ಯಾಹ್ನ ಹುಟ್ಟಿದ ಗುಡುಗುಮೋಡವೊಂದು ಬೆಟ್ಟದ ನೆತ್ತಿ ಬಿಟ್ಟು ಕದಲದೆ ಕೂತಿತ್ತು. ಹೋದ ವರ್ಷ ಕಾಡ್ಗಿಚ್ಚಿಗೆ ಸುಟ್ಟ ಇಳಿಜಾರು ಅದು. ಅಲ್ಲಿ ಬಿದ್ದ ನೀರು ಇಂಗುವುದಿಲ್ಲ. ಬೂದಿ ಬಾಚಿಕೊಂಡು ನೇರ ಹಳ್ಳಕ್ಕೆ ಇಳಿಯುತ್ತದೆ.

"ಮರಳೇ ಕುಡಿದುಬಿಡಬಹುದು. ಇನ್ನೊಂಚೂರು ಕಾಯಬಹುದಿತ್ತು," ಎಂದ ಪಕ್ಕದ ಕುರ್ಚಿಯ ಡ್ವೈಟ್.

"ಕುಡೀಬಹುದು," ಎಂದಳು ಎಲೋಯ್ಸಾ, ಪರದೆಯಿಂದ ಕಣ್ಣು ತೆಗೆಯದೆ.

ಪೊಲೀಸರು ಬಂದು ನೆಂಟರನ್ನೆಲ್ಲ ದಂಡೆ ಹತ್ತಿಸಿದರು. ಮೇಜು, ಕುರ್ಚಿ, ಅಡುಗೆ ಎಲ್ಲ ಕಾರು ನಿಲ್ಲಿಸುವ ಜಾಗಕ್ಕೆ ಬಂದವು. ಕೇಕಿನ ಮೇಲಂತಸ್ತು ದಾರಿಯಲ್ಲೇ ಜಾರಿ ಬಿತ್ತು. ಸಂಪ್ರದಾಯದ ಅಪ್ಪ ಮಗಳ ಕುಣಿತ ಕಾದ ಟಾರಿನ ಮೇಲೆಯೇ, ಕಿವಿಗಡಚಿಕ್ಕುವ ಸಂಗೀತದ ನಡುವೆ ನಡೆಯಿತು. ಹೊತ್ತು ಇಳಿದರೂ ನೀರು ಬರಲಿಲ್ಲ. ಎಚ್ಚರಿಕೆಯ ಅವಧಿ ಮುಗಿದು, ಪಾಳಿಯೂ ಮುಗಿದು ಎಲೋಯ್ಸಾ ಬಂದಾಗ ರಮೀರೊ ತಟ್ಟೆ ತುಂಬ ಬಡಿಸಿಕೊಟ್ಟ. ಮುಖ ಮಾತ್ರ ನೋಡಲಿಲ್ಲ.

"ಒಂದು ಹನಿ ಅಕ್ಕಾ! ಒಂದೇ ಒಂದು ಹನಿ ಬಿದ್ದಿದ್ರೂ ನೆಂಟರಿಗೆ ಮುಖ ತೋರಿಸ್ತಿದ್ದೆ."

ಅವಳು ತಟ್ಟೆ ಕೆಳಗಿಟ್ಟು ದಂಡೆಯ ಗುಂಟ, ಹಳ್ಳ ಇಳಿದು ಬರುವ ಬೆಟ್ಟದ ಕಡೆಗೆ ನಡೆದಳು. ಇಟ್ಸೆಲ್ ನೆರಿಗೆ ನೆರಿಗೆಯ ಗುಲಾಬಿ ಗೌನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಿಂದೆಯೇ ಬಂದಳು.

ಮೊದಲ ತಿರುವು ದಾಟಿದ್ದೇ ಇಬ್ಬರೂ ನಿಂತರು. ಹಳ್ಳದ ಅಗಲಕ್ಕೂ ಕರಿಯ ಕೆಸರು ನಾಲಗೆ ಚಾಚಿಕೊಂಡು ಮಲಗಿತ್ತು. ಅದರ ಮೇಲೆ ಆಳೆತ್ತರಕ್ಕೆ ಸುಟ್ಟ ದಿಮ್ಮಿಗಳು ಅಡ್ಡಾದಿಡ್ಡಿ ಒಟ್ಟಿಕೊಂಡಿದ್ದವು. ಅಂಚಿನ ನೊರೆ ಮರಳಿಗೆ ಇಂಗುತ್ತ ಇನ್ನೂ ಚಿರ್ರೆನ್ನುತ್ತಿತ್ತು.

"ಅತ್ತೆ... ಅಪ್ಪನ್ನ ಕರೀಲಾ?"

"ಬೇಡ. ಊಟ ಮಾಡ್ಲಿ ಬಿಡು."

ಅಷ್ಟರಲ್ಲಿ ಫೋಟೋಗೆ ಬಾ ಎಂದು ರಮೀರೊ ಮಗಳನ್ನು ಕರೆದ. ಅವನೇನೂ ಗಂಟಲು ಹರಿದು ಕೂಗಿರಲಿಲ್ಲ. ಆದರೂ ಆ ದನಿ ಪಕ್ಕದಲ್ಲೇ ನಿಂತು ಕರೆದಷ್ಟು ಸ್ಪಷ್ಟವಾಗಿ ಕೇಳಿಸಿತು. ಚಪ್ಪರ ಹಾಕಿದ್ದ ಜಾಗಕ್ಕೂ ಆ ಕೆಸರಿಗೂ ಇದ್ದದ್ದು ಅಷ್ಟೇ ದೂರ.