ತುಟಿ ಅಲ್ಲಾಡಿಸುವ ಸೊಸೆ

ಸೊಸೆಯ ತುಟಿ ಅಲ್ಲಾಡುತ್ತಿತ್ತು, ದನಿ ಮಾತ್ರ ಬರುತ್ತಿರಲಿಲ್ಲ. ತೊಗರಿಬೇಳೆಯ ಮೊರ ಮುಂದಿಟ್ಟುಕೊಂಡು ಕಲ್ಲು ಆರಿಸುತ್ತಿದ್ದ ಅನಸುಬಾಯಿ ಕೈ ನಿಲ್ಲಿಸಿ ಅದನ್ನೇ ನೋಡಿದಳು. ಇಂದಿಗೆ ನಾಲ್ಕನೇ ದಿನ. ಮಧ್ಯಾಹ್ನ ಉಂಡ ಗಂಗಾಳ ತೊಳೆದಿಟ್ಟದ್ದೇ ತಡ, ಪೂನಮ್ ಕಂಬಕ್ಕೆ ಒರಗಿ ಆ ಹಳೇ ಪುಸ್ತಕ ಬಿಚ್ಚುವಳು, ತುಟಿ ಪಟಪಟ. ನಡುನಡುವೆ ಒಬ್ಬಳೇ ನಗುವುದು ಬೇರೆ! ಎಮ್ಮೆ ಮೂರು ದಿನದಿಂದ ಹಿಂಡಲು ಕೂತರೆ ಒದೆಯುತ್ತಿತ್ತು. ಅನಸುಬಾಯಿಯ ಬಲ ಮೊಣಕಾಲು ಬಾತುಕೊಂಡಿತ್ತು. ಇಷ್ಟನ್ನೆಲ್ಲ ಕೂಡಿಸಿ ನೋಡಿದರೆ ಯಾರಿಗಾದರೂ ಅನುಮಾನ ಬರಬೇಕಾದ್ದೇ.

ತೊಡಕು ಒಂದೇ. ಆ ಮನೆಯಲ್ಲಿ ಮಾಟ, ಭಾನಾಮತಿ ಎಂಬ ಮಾತು ಆಡುವಂತಿರಲಿಲ್ಲ. ಅನಸುಬಾಯಿಯ ಗಂಡ ಬೌದ್ಧನಾಗಿ ಪಂಚಶೀಲ ತೆಗೆದುಕೊಂಡ ದಿನವೇ ಬಾಗಿಲಿನ ನಿಂಬೆಹಣ್ಣು ಕಿತ್ತು ತಿಪ್ಪೆಗೆ ಎಸೆದಿದ್ದ. ಗಂಡ ಈಗಿಲ್ಲ, ಆದರೆ ಮಗ ಭೀಮಶ್ಯಾನೂ ಅಪ್ಪನ ಹಾದಿಯವನೇ. ಹಾಗಾಗಿ ಮುದುಕಿ ಸುತ್ತುಬಳಸಿ ಕೇಳಿದಳು.

"ಏ ಪೂನಮ್, ಯಾರ ಕೂಡ ಮಾತಾಡಾಕತ್ತಿ?"

"ಯಾರ ಕೂಡಾನೂ ಇಲ್ರಿ ಅತ್ತಿ. ಇಂವ ಭಾಳ ಛಂದ ಹೇಳ್ತಾನ್ರಿ."

ಇಂವ! ಮದುವೆಯಾಗಿ ಆರು ತಿಂಗಳಾಗಿಲ್ಲ. ಗಂಡ ಭೀಮಶ್ಯಾ ಆದಿತ್ಯನಗರದಲ್ಲಿ ಡ್ಯೂಟಿ ಮಾಡಿಕೊಂಡು ವಾರಕ್ಕೊಮ್ಮೆ ಐನಾಪುರಕ್ಕೆ ಬರುತ್ತಾನೆ. ಇಲ್ಲಿ ಈಕೆಗೆ ಯಾವನೋ ಒಬ್ಬ ಇಂವ!

"ಯಾಂವ ಅಂವ?"

"ಈ ಪುಸ್ತಕ ಬರದಾಂವ್ರಿ. ಸತ್ತು ಐವತ್ತು ವರ್ಷ ಆಯ್ತಂತ."

ಬದುಕಿದ್ದವನಾಗಿದ್ದರೆ ಕೋಲು ಹಿಡಿದು ಓಡಿಸಬಹುದಿತ್ತು. ಸತ್ತವನನ್ನು ಏನು ಮಾಡುವುದು? ಅತ್ತೆಯ ಮುಖ ನೋಡದೆ ಪೂನಮ್ ಹುರುಪಿನಿಂದ ಹೇಳುತ್ತಲೇ ಹೋದಳು. ಪಂಚಾಯಿತಿ ಗ್ರಂಥಾಲಯದ ಆನಂದಕುಮಾರ ಹರಕು ಪುಸ್ತಕಗಳ ಗಂಟು ಬಿಚ್ಚಿದಾಗ ಮೂರು ಸಿಕ್ಕವಂತೆ. ಆ ಸತ್ತ ಪುಣ್ಯಾತ್ಮ ಇಂಥವು ಒಂಬತ್ತು ಬರೆದಿದ್ದಾನಂತೆ. ಮೊದಲೆರಡು ಓದಿಯಾಗಿವೆಯಂತೆ, ಇದು ಮೂರನೆಯದು, ಉಳಿದವನ್ನು ಸೇಡಂನಿಂದ ತರಿಸಿಕೊಡಲು ಹೇಳಿದ್ದಾಳಂತೆ.

"ಎಲ್ಲಾದರಾಗೂ ಒಂದಾ ಊರು ಬರ್ತದ್ರಿ ಅತ್ತಿ. ನೆಲದ ಬುಡಕ ಅದ ಆ ಊರು. ಮೊದಲನೇದರಾಗ ಸತ್ತಾಕಿ ಮೂರನೇದರಾಗ ಎದ್ದು ಬರ್ತಾಳ!"

ಅನಸುಬಾಯಿ ತಡೆದುಕೊಂಡಿದ್ದೆಲ್ಲ ಒಡೆದು ಬಂತು. "ಸಾಕು ಮಾಡು! ಇದು ಭಾನಾಮತಿ ಪುಸ್ತಕ. ಓದಾಕ ಬರದಿದ್ರೇನು, ನನಗ ತಿಳೀತದ. ನಾಳಿ ಭೀಮಶ್ಯಾ ಬರ್ತಾನ, ನಾಡದ್ದು ನಿನ್ನ ವಾಡಿ ಬಸ್ ಹತ್ತಸ್ತೀನಿ. ನಿಮ್ಮವ್ವನ ಮನ್ಯಾಗ ಕುಂತು ಸತ್ತವರನ್ನ ಎಬ್ಬಸು."

ಪೂನಮ್ ಪುಸ್ತಕ ಮಡಿಚಿದಳು. ಈ ಹೆಸರು ಹೊತ್ತು ತವರಿಗೆ ಹೋದರೆ ಮತ್ತೆ ಯಾರು ಕರೆಯುತ್ತಾರೆ? ಅಲ್ಲಿ ಇಬ್ಬರು ತಂಗಿಯರು ಬೇರೆ ಮದುವೆಗೆ ನಿಂತಿದ್ದಾರೆ.

"ಬರೇ ಕತಿ ಅದ್ರಿ ಇದು. ನಾ ಏಳನೇತ್ತಕ್ಕ ಸಾಲಿ ಬಿಟ್ಟಾಕಿ, ತುಟಿ ಅಲ್ಲಾಡಸ್ದ ಓದಾಕ ಬರಲ್ರಿ. ಈಗ ಜೋರಾಗಿ ಓದ್ತೀನಿ, ಕೇಳ್ರಿ. ಒಂದು ಮಂತ್ರ ಬಂದ್ರೂ ನಾನಾ ಬ್ಯಾಗ್ ತುಂಬಕೋತೀನಿ."

"ಓದು. ಕಿವಿ ಕೊಟ್ಟು ಕೇಳ್ತೀನಿ, ನೆನಪಿಟ್ಕೋ."

ಪೂನಮ್ ಮೊದಲ ಪುಟದಿಂದ ಓದತೊಡಗಿದಳು. ಅನಸುಬಾಯಿ ಕಳ್ಳನ ಹೇಳಿಕೆ ಕೇಳುವ ಪೊಲೀಸಿನವಳಂತೆ ಮೈಯೆಲ್ಲ ಕಿವಿಯಾಗಿ ಕೂತಳು.

"ನಿಂದ್ರು. ಝಂಕಾರಿ ಅಂದ್ರೇನು?"

"ಕುದುರಿ ಹೆಸರ್ರಿ."

"ಕುದುರಿಗೆ ಯಾರು ಇಂಥ ಹೆಸರಿಡ್ತಾರ? ಹ್ಞೂಂ, ಮುಂದ."

ಮುಂದೆ ಒಬ್ಬಳು ಎಳೆಯ ಸೊಸೆ ಬಾವಿಯ ಮೆಟ್ಟಿಲಿಳಿದು ಆ ನೆಲದಡಿಯ ಊರು ಸೇರಿದಳು. ಅಲ್ಲಿ ಬೆಳಕೇ ಇರಲಿಲ್ಲ. ಊರಿನ ದೀಪಗಳನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತವಳು ಆಕೆಯ ಅತ್ತೆ. ಅಷ್ಟರಲ್ಲಿ ಪೂನಮ್‌ಗೆ ನಿನ್ನೆ ಓದಿದ್ದು ನೆನಪಾಯಿತು. ಆದರೂ ಓದು ನಿಲ್ಲಿಸದೆ ಹಾಳೆ ತಿರುವಿದಳು. "ಆಮೇಲೆ ಸೊಸೆ ಬೀಗ ತೆಗೆದಳು. ಮನೆಮನೆಗೂ ದೀಪ ಬಂತು..."

"ನಿಂದ್ರು," ಅಂದಳು ಅನಸುಬಾಯಿ. "ಎರಡು ಹಾಳಿ ಕೂಡಿಸಿ ತಿರುವಿದಿ."

"ಅಂಟಿಕೊಂಡಿದ್ವ್ರಿ..."

"ಸುಳ್ಳು ಹೇಳಬ್ಯಾಡ. ನನಗ ಓದಾಕ ಬರಲ್ಲ ಖರೇ, ಕಣ್ಣು ಕಾಣಸ್ತಾವ. ಮಂತ್ರ ಅಲ್ಲೇ ಅದ, ಹೌದಿಲ್ಲೋ?"

ಪೂನಮ್ ಅತ್ತೇಬಿಟ್ಟಳು. "ಮಂತ್ರ ಇಲ್ರಿ ಅತ್ತಿ. ಅದರಾಗ ಆ ಅತ್ತಿ ಸಾಯ್ತಾಳ್ರಿ."

"ಹ್ಯಾಂಗ?"

"ಸೊಸಿನೇ ಆ ಊರಾಗಿನ ಬಾವ್ಯಾಗ ದೂಡ್ತಾಳ್ರಿ."

ಅನಸುಬಾಯಿ ಬೇಳೆಯ ಮೊರ ಪಕ್ಕಕ್ಕೆ ಸರಿಸಿದಳು. ಎದ್ದು ಕುಂಟುತ್ತ ಹೋಗಿ ಓಣಿಯ ಕಡೆ ಒಮ್ಮೆ ಇಣುಕಿ, ಬಾಗಿಲು ಮುಂದೆ ಮಾಡಿದಳು. ಬಂದು ಸೊಸೆಯ ಮಗ್ಗುಲಿಗೇ ಕೂತಳು.

"ಹಿಂದಕ್ಕ ತಿರುವು," ಅಂದಳು ಸಣ್ಣ ದನಿಯಲ್ಲಿ. "ಅವೆರಡು ಹಾಳಿ ಸಾವಕಾಶ ಓದು. ನಾನೂ ಸೊಸಿ ಇದ್ದಾಕಿನೇ."